ಎಫರ್ಟ್ ಕಾಲಮ್ಮಿನ ಸೊನ್ನೆ

ಮೇಷ್ಟ್ರು ತೀರಿಕೊಂಡ ಸುದ್ದಿಯನ್ನು ಮುನಿರಾಜ ಫೋನಿನಲ್ಲಿ ಹೇಳಿದಾಗ ನನಗೆ ಮೊದಲು ನೆನಪಾದದ್ದು ಅವರ ಮುಖವಲ್ಲ, ನನ್ನ ಸೊನ್ನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಈ ವಯಸ್ಸಿನಲ್ಲಿ ಸುಳ್ಳು ಹೇಳಿ ಏನು ಸಂಪಾದಿಸಬೇಕಾಗಿದೆ? ಎಂಟನೇ ಕ್ಲಾಸಿನ ನನ್ನ ಪ್ರೋಗ್ರೆಸ್ ಕಾರ್ಡು ಈಗಲೂ ಬೀರುವಿನಲ್ಲಿದೆ. ಗಣಿತಕ್ಕೆ ತೊಂಬತ್ತೊಂಬತ್ತು, ಕನ್ನಡಕ್ಕೆ ತೊಂಬತ್ತೆರಡು, ಇಂಗ್ಲಿಷಿಗೆ ತೊಂಬತ್ತಾರು, ಕ್ಲಾಸಿಗೇ ಮೊದಲು. ಕಟ್ಟಕಡೆಯಲ್ಲಿ ‘ಎಫರ್ಟ್’ ಅಂತ ಒಂದು ಕಾಲಂ. ಅದರಲ್ಲಿ ಹತ್ತಕ್ಕೆ ಸೊನ್ನೆ. ಕೆಂಪು ಶಾಯಿಯಲ್ಲಿ ನಿಧಾನವಾಗಿ ಸುತ್ತಿದ ಸೊನ್ನೆ, ಪಕ್ಕದಲ್ಲಿ ಮೇಷ್ಟ್ರ ಸಹಿ. ಅದನ್ನು ತಿದ್ದುವ ಅಧಿಕಾರವಿದ್ದ ಒಬ್ಬರೇ ಒಬ್ಬರು ಈಗ ಹೋಗಿಬಿಟ್ಟಿದ್ದರು.

ಸುದ್ದಿ ಹೇಳಿದ ಉಸಿರಿನಲ್ಲೇ ಮುನಿರಾಜ, “ಸೊನ್ನೆ ಯೋಚ್ನೆ ಬಂತೇನೋ?” ಅಂದ. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಅವನಿಗೆ ಏನನ್ನು ಮುಚ್ಚಿಡಲಿ?

ಮೇಷ್ಟ್ರು ನಮಗೆ ಇಂಗ್ಲಿಷ್ ಕಲಿಸಿದವರು. ಶ್ರೀನಿವಾಸಪುರದಿಂದ ಯಲ್ದೂರಿನ ಕಡೆ ಹೋಗುವಾಗ ಮಾವಿನ ತೋಪುಗಳು ಮುಗಿಯುವುದೇ ಇಲ್ಲವೇನೋ ಅನ್ನಿಸುವ ಜಾಗದಲ್ಲಿ ನಮ್ಮೂರು, ಊರಾಚೆ ಹೈಸ್ಕೂಲು. ಮೇಷ್ಟ್ರು ಎಷ್ಟು ಸಣಕಲು ಅಂದರೆ, ಸೈಕಲ್ಲಿನಲ್ಲಿ ಎದುರುಗಾಳಿಗೆ ಬಂದ ದಿನ ಪ್ರಾರ್ಥನೆಗೆ ತಡವಾಗುತ್ತಿತ್ತು. ಪ್ಯಾಂಟು ಚೈನಿಗೆ ಸಿಗದಿರಲೆಂದು ಬಟ್ಟೆ ಒಣಹಾಕುವ ಎರಡು ಕ್ಲಿಪ್ಪು ಸಿಕ್ಕಿಸಿಕೊಂಡು ಬರುತ್ತಿದ್ದರು. ತೆಗೆಯುವುದು ಮರೆತು ಸಂಜೆವರೆಗೂ ಹಾಗೇ ಪಾಠ ಮಾಡುತ್ತಿದ್ದರು. ಇಂಗ್ಲಿಷನ್ನು ಕನ್ನಡದಲ್ಲಿ ಕಲಿಸಿ, ಬೈಯುವುದನ್ನು ತೆಲುಗಿನಲ್ಲಿ ಬೈಯುತ್ತಿದ್ದರು. ಕಷ್ಟ ಏನೆಂದರೆ, ಪ್ರೀತಿ ಬಂದರೂ ತೆಲುಗೇ ಬರುತ್ತಿತ್ತು. ಹಾಗಾಗಿ ಏನೋ ಅದು ಅನ್ನಲು “ಏಮಿರಾ ಅದಿ” ಅಂದರೆ ನಾವು ಮುಖ ನೋಡಿ ಯಾವುದೆಂದು ತಿಳಿದುಕೊಳ್ಳಬೇಕಿತ್ತು.

ಯಾವುದೇ ಹೊಸ ಪದ ಬಂದರೂ ಅವರು ಹೆಣ್ಣು ನೋಡಲು ಬಂದವರ ಹಾಗೆ ವಿಚಾರಿಸುತ್ತಿದ್ದರು. ಇದರ ಊರು ಯಾವುದು, ಯಾರ ಮಗಳು, ಯಾರ ಮನೆ ಹಾದು ಇಲ್ಲಿಗೆ ಬಂತು, ಒಡಹುಟ್ಟಿದವರು ಎಷ್ಟು ಜನ. ಈ ವಿಚಾರಣೆ ಮುಗಿಯುವಷ್ಟರಲ್ಲಿ ಬೆಲ್ಲು ಹೊಡೆಯುತ್ತಿತ್ತು. ನಾಲ್ಕು ಪುಟದ ಪಾಠಕ್ಕೆ ಎರಡು ತಿಂಗಳು ಹಿಡಿಯುತ್ತಿತ್ತು. ಪರೀಕ್ಷೆಗೆ ಬಂದ ಪಾಠಗಳೆಲ್ಲ ನಾವೇ ಗೈಡು ಓದಿ ಕಲಿತವು.

ಆ ಎಫರ್ಟ್ ಕಾಲಮ್ಮು ಯಾರ ಕಿತಾಪತಿಯೋ ಗೊತ್ತಿಲ್ಲ. ಆ ವರ್ಷ ಕೋಲಾರದ ಪ್ರೆಸ್ಸಿನವನು ಯಾವುದೋ ಕಾನ್ವೆಂಟಿನ ಮಾದರಿ ನೋಡಿ ಅಚ್ಚು ಹಾಕಿ ಕಳಿಸಿದ್ದನಂತೆ. ಬೇರೆ ಮೇಷ್ಟ್ರುಗಳು ಮೇಲಿನವನಿಗೆ ‘ಗುಡ್’ ಅಂತ ಬರೆದು, ಅಲ್ಲಿಂದ ಕೆಳಗಿನವರೆಗೆ ಒಂದೇ ಗೀಟು ಎಳೆದು ಟೀ ಕುಡಿಯಲು ಹೋದರು. ನಮ್ಮ ಮೇಷ್ಟ್ರು ಮಾತ್ರ ಆ ಕಾಲಂ ಮುಂದೆ ಪೆನ್ನು ಹಿಡಿದು ಕೂತುಬಿಟ್ಟರು. ಮಾರನೇ ದಿನ ಬೋರ್ಡಿನ ಮೇಲೆ ಅದೊಂದೇ ಪದ ಬರೆದರು. ಇದರ ಹುಟ್ಟೂರು ಲ್ಯಾಟಿನ್. ಎಕ್ಸ್ ಅಂದರೆ ಹೊರಕ್ಕೆ, ಫೋರ್ಟಿಸ್ ಅಂದರೆ ಬಲವುಳ್ಳದ್ದು. ಎರಡೂ ಸೇರಿ, ಫ್ರೆಂಚರ ಮನೆಯಲ್ಲಿ ಬೆಳೆದು, ಅಲ್ಲಿಂದ ಇಂಗ್ಲಿಷರ ಮನೆ ಸೇರಿತು. ಕೋಟೆಗೆ ಹೇಳುವ ಫೋರ್ಟ್ ಇದರ ಅಣ್ಣ. ಕಂಫರ್ಟ್ ಚಿಕ್ಕಪ್ಪನ ಮಗಳು. ಅವಳ ಅರ್ಥ ಜೊತೆಗೆ ನಿಂತು ಬಲ ಕೊಡುವುದು, ಈಗಿನವರು ಅವಳನ್ನು ಸೋಫಾ ಮೇಲೆ ಕೂರಿಸಿದ್ದಾರೆ ಅಂತ ಬೇಜಾರು ಮಾಡಿಕೊಂಡರು. ಒಟ್ಟಿನಲ್ಲಿ ಎಫರ್ಟ್ ಅಂದರೆ ಒಳಗಿದ್ದ ಬಲ ಹೊರಕ್ಕೆ ಬರುವುದು. ಬರಿ ಕಷ್ಟಪಡುವುದಲ್ಲ, ಗೆಲ್ಲುವುದಂತೂ ಅಲ್ಲವೇ ಅಲ್ಲ.

ಇಲ್ಲಿಯವರೆಗೆ ಎಲ್ಲ ಇಂಗ್ಲಿಷ್ ಮೇಷ್ಟ್ರೂ ಬರಬಹುದು. ನಮ್ಮವರು ಇನ್ನೊಂದು ಹೆಜ್ಜೆ ಇಟ್ಟರು. ಹೊರಕ್ಕೆ ಬಂದಿದೆ ಅಂದಮೇಲೆ ಅದು ಕಣ್ಣಿಗೆ ಕಾಣಬೇಕು, ಇಲ್ಲ ಕಿವಿಗೆ ಕೇಳಬೇಕು. ಬೆಂಚಿನ ಮೇಲೆ ಕೂತು ಪ್ರಬಂಧ ಬರೆಯುವ ಹುಡುಗನಲ್ಲಿ ಏನು ಕೇಳುತ್ತದೆ? ಪೆನ್ನಿನ ಸದ್ದು. ಅದು ಪೆನ್ನಿನ ಎಫರ್ಟು. ಹಾಗಂದವರೇ ಇಡೀ ಕ್ಲಾಸನ್ನು ಸಾಲು ಹಿಡಿಸಿ ಊರೊಳಗೆ, ಆಂಜನೇಯನ ಗುಡಿ ಮುಂದಿನ ಗುಂಡುಕಲ್ಲಿನ ಹತ್ತಿರ ಕರೆದುಕೊಂಡು ಹೋದರು.

ನಮ್ಮ ಕಡೆ ಊರೂರಿಗೂ ಗುಡಿ ಮುಂದೆ ಒಂದು ಗುಂಡುಕಲ್ಲಿರುತ್ತದೆ. ಹಿಂದೆ ಗಂಡಾಳುಗಳು ಅದನ್ನೆತ್ತಿ ಭುಜಕ್ಕೇರಿಸಿ ಹಿಂದಕ್ಕೆ ಎಸೆದು ಶಕ್ತಿ ತೋರಿಸುತ್ತಿದ್ದರು. ನಮ್ಮೂರಿನದು ಅರ್ಧ ಮಣ್ಣಿನಲ್ಲಿ ಹೂತ, ಬೋರಲು ಹಾಕಿದ ಕಡಾಯಿಯಂಥ ಕಲ್ಲು. ನೆನಪಿದ್ದವರ ಕಾಲದಲ್ಲಿ ಯಾರೂ ಎತ್ತಿರಲಿಲ್ಲ. ಆದರೆ ಪ್ರತಿ ಮನೆಯಲ್ಲೂ ಅದನ್ನು ಎತ್ತಿದ ಒಬ್ಬ ಮುತ್ತಾತ ಇದ್ದ.

ಶನಿವಾರ ಕೊನೆಯ ಪೀರಿಯಡ್ಡು ಪರೀಕ್ಷೆ. ಮೇಷ್ಟ್ರು ಗುಡಿಯ ಜಗಲಿ ಮೇಲೆ ನಮಗೆ ಬೆನ್ನು ಹಾಕಿ, ತೊಡೆ ಮೇಲೆ ರಿಜಿಸ್ಟರು ಇಟ್ಟುಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದರು. ಒಬ್ಬೊಬ್ಬರೇ ಹೋಗಿ ಕಲ್ಲೆತ್ತಬೇಕು. ಕಲ್ಲು ಏಳುವ ಮಾತೇ ಇಲ್ಲ, ಅದು ಅವರಿಗೆ ಬೇಕಾಗಿಯೂ ಇರಲಿಲ್ಲ. ತಿಣುಕುವಾಗ ಬರುವ ಸದ್ದಿಗೆ ಅವರು ಮಾರ್ಕು ಕೊಡುತ್ತಿದ್ದರು. ಗಂಟಲಿನಿಂದ ಬಂದರೆ ಮೂರರೊಳಗೆ. ಎದೆಯಿಂದ ಬಂದರೆ ಐದು, ಆರು. ಹೊಟ್ಟೆಯಿಂದ ಬಂದರೆ ಅದಕ್ಕೂ ಮೇಲೆ. ಹಿಮ್ಮಡಿಯಿಂದ ಹೊರಡುವ ಸದ್ದು ಅಂತ ಒಂದಿದೆ, ಅದು ಕೇಳಿದರೆ ಗೊತ್ತಾಗುತ್ತದೆ ಅನ್ನುತ್ತಿದ್ದರು. ಮುನಿರಾಜನಿಗೆ ಇಂಗ್ಲಿಷಿನಲ್ಲಿ ನೂರಕ್ಕೆ ಹನ್ನೊಂದು ಬಂದಿತ್ತು. ಅವನು ಕಲ್ಲಿಗೆ ಕೈ ಹಾಕಿ ಒಂದು ಸದ್ದು ತೆಗೆದ ನೋಡಿ, ಗುಡಿ ಮೇಲಿನ ಪಾರಿವಾಳಗಳೆಲ್ಲ ಎದ್ದುಹೋದವು. ಮೇಷ್ಟ್ರು ಕಣ್ಣು ಬಿಡದೆ ಒಂಬತ್ತು ಅಂದರು. ಅವನ ಜೀವಮಾನದಲ್ಲಿ ಅಂಥ ಮಾರ್ಕು ಅದೇ ಮೊದಲು. ಖುಷಿಗೆ ಅತ್ತುಬಿಟ್ಟ.

ಆಮೇಲೆ ನನ್ನ ಸರದಿ. ನಾನು ಬಗ್ಗಿದೆ, ಬಗ್ಗಿದವನು ನೋಡಬಾರದ್ದನ್ನು ನೋಡಿದೆ. ಕಲ್ಲಿನ ಮೈಮೇಲೆ ಒಂದು ಬಿಳಿ ಗೆರೆ ಇತ್ತು. ಅದು ಮಣ್ಣಿನಲ್ಲಿ ಮುಳುಗಿ, ಎರಡು ಮಾರು ಆಚೆ ನೆಲಕ್ಕೆ ಸಮನಾಗಿ ಮಲಗಿದ್ದ ಬಂಡೆಯಲ್ಲಿ ಮತ್ತೆ ಎದ್ದು ಮುಂದಕ್ಕೆ ಹೋಗಿತ್ತು. ಅಂದರೆ ಇದು ಗುಂಡುಕಲ್ಲೇ ಅಲ್ಲ. ಊರ ಕೆಳಗಿರುವ ಬಂಡೆಯ ಒಂದು ತುದಿ, ಅಷ್ಟೆ. ಇದನ್ನು ಎತ್ತಬೇಕಾದರೆ ಗುಡಿ, ಅರಳಿಕಟ್ಟೆ, ಅರ್ಧ ಊರು ಎಲ್ಲ ಸೇರಿಸಿ ಎತ್ತಬೇಕು. ಎಲ್ಲರ ಮುತ್ತಾತಂದಿರೂ ಒಂದೇ ಕ್ಷಣದಲ್ಲಿ ನೆಲಕ್ಕೆ ಬಿದ್ದರು. ನಾನು ಬಾಯಿ ಬಿಡಲಿಲ್ಲ. ಹದಿಮೂರು ವರ್ಷದವನು ಊರಿನವರಿಗೆಲ್ಲ ಅದನ್ನು ಹೇಳಿ ಬದುಕುವುದುಂಟೆ? ಏಳದ ಕಲ್ಲಿಗೆ ಸುಮ್ಮನೆ ಯಾಕೆ ಮೈ ನೋಯಿಸಿಕೊಳ್ಳಬೇಕು ಅಂತ ಮೆಲ್ಲಗೆ ಕೈ ಇಟ್ಟು, ಮುನಿರಾಜನದಕ್ಕಿಂತ ಒಂದು ಕೈ ಮೇಲೆ ಇರುವ ಹಾಗೆ ಸದ್ದು ತೆಗೆದೆ. ಹುಡುಗರು ಚಪ್ಪಾಳೆ ಹೊಡೆದರು.

“ಸೊನ್ನೆ,” ಅಂದರು ಮೇಷ್ಟ್ರು, ಈ ಕಡೆ ತಿರುಗದೆ.

ಮೊದಲನೇ ರ‍್ಯಾಂಕಿನವನಿಗೆ ಸೊನ್ನೆ ಬಂದರೆ ಏನಾಗುತ್ತದೆ ಅನ್ನುವುದು ಎರಡನೇ ರ‍್ಯಾಂಕಿನವರಿಗೆ ತಿಳಿಯುವುದಿಲ್ಲ. ನನಗೆ ಅನ್ನ ಸೇರಲಿಲ್ಲ. ಹಿಪ್ಪುನೇರಳೆ ತೋಟಕ್ಕೆ ಹೋಗಿ ಕೂತು ಸದ್ದು ಅಭ್ಯಾಸ ಮಾಡಿದೆ. ಸೊಪ್ಪು ಕೊಯ್ಯಲು ಬಂದ ಅಮ್ಮ ಕೇಳಿಸಿಕೊಂಡು, ಮಗುವಿಗೆ ಹೊಟ್ಟೆ ಕಟ್ಟಿದೆ ಅಂತ ಮೂರು ದಿನ ಓಮದ ಕಷಾಯ ಕುಡಿಸಿದಳು. ವಿಷಯ ತಿಳಿದ ಮೇಲೆ ನೆಟ್ಟಗೆ ಸ್ಕೂಲಿಗೆ ಹೋದಳು. ನಮ್ಮ ಹುಡುಗ ಬೆಳಗ್ಗೆ ಐದಕ್ಕೆ ಎದ್ದು ಓದುತ್ತಾನೆ, ಅವನಿಗೆ ಸೊನ್ನೆ ಯಾಕೆ ಅಂತ ಕೇಳಿದಳು. ಮೇಷ್ಟ್ರು ಕುರ್ಚಿ ಕೊಟ್ಟು ಕೂರಿಸಿ, ಓದುವಾಗ ಏನಾದರೂ ಸದ್ದು ಮಾಡುತ್ತಾನಾ ತಾಯಿ ಅಂತ ವಿಚಾರಿಸಿದರು. ಇಲ್ಲ, ಸುಮ್ಮನೆ ಓದುತ್ತಾನೆ ಅಂದಳು ಅಮ್ಮ. “ನೋಡಿ ಮತ್ತೆ,” ಅಂದರು ಮೇಷ್ಟ್ರು, ಬಹಳ ಮರುಕದಿಂದ.

ಊರಿಗೆ ಈ ಹುಚ್ಚು ಹಿಡಿಯಲು ಎರಡು ವಾರ ಸಾಕಾಯಿತು. ಕಲ್ಲಿಗೂ ಮಾರ್ಕಿಗೂ ಸಂಬಂಧವಿದೆ ಅಂದಮೇಲೆ ಯಾರು ಬಿಡುತ್ತಾರೆ? ಮಕ್ಕಳಿಗೆ ಮುದ್ದೆ ಎರಡಾಯಿತು, ಮೊಟ್ಟೆ ಬಂತು. ಮುನಿರಾಜನ ಅಪ್ಪ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹಮಾಲಿ. ಸಂಜೆ ಅವನ ಹತ್ತಿರ ಸದ್ದಿನ ಟ್ಯೂಷನ್ನು ಶುರುವಾಯಿತು. ಆರು ಗಂಟೆಯಾದರೆ ಮನೆಮನೆಯಿಂದ ತಿಣುಕುವ ಸದ್ದು. ಹೊರಗಿನಿಂದ ಬಂದ ಒಬ್ಬ ಬಸ್ ಕಂಡಕ್ಟರು, ಈ ಊರಿನಲ್ಲಿ ಏನಾದರೂ ರೋಗ ಬಂದಿದೆಯಾ ಅಂತ ಕೇಳಿದನಂತೆ.

ಮೇಷ್ಟ್ರು ಮಾತ್ರ ತಮ್ಮ ಪಾಡಿಗೆ ಪದದ ಅರ್ಥವನ್ನು ಹುಡುಕುತ್ತಲೇ ಇದ್ದರು. ಭಾನುವಾರ ಬಸ್ಸು ಹತ್ತಿ ಮಾಲೂರಿನ ಇಟ್ಟಿಗೆ ಗೂಡುಗಳಿಗೆ, ಮುಳಬಾಗಿಲಿನ ಸಂತೆಗೆ, ಕೋಲಾರದ ಟೊಮೇಟೊ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಲಾರಿಗೆ ಲೋಡು ಹಾಕುವ ಕಡೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಂದು ಕಡೆ ಜನ ಇವರು ಕುರುಡರು ಅಂತ ರಸ್ತೆ ದಾಟಿಸಿದರು. ಇನ್ನೊಂದು ಕಡೆ ಮಫ್ತಿಯಲ್ಲಿ ಬಂದ ಯಾವನೋ ಅಧಿಕಾರಿ ಅಂತ ಎಳನೀರು ಕುಡಿಸಿದರು. ಸೋಮವಾರ ಬಂದು ನಮಗೆ ವರದಿ ಒಪ್ಪಿಸುತ್ತಿದ್ದರು: ಮಾಲೂರಿನವರು ಹೊರೆ ಎತ್ತುವಾಗ ಸುಮ್ಮನಿರುತ್ತಾರೆ, ಇಳಿಸುವಾಗ ಸದ್ದು ಮಾಡುತ್ತಾರೆ, ಇದನ್ನು ಯಾವ ಡಿಕ್ಷನರಿಯೂ ಹೇಳಿಲ್ಲ ಕಣ್ರೋ.

ಇನ್ನು ಹೇಳಲೇಬೇಕಾದ ಮಾತು ಹೇಳಿಬಿಡುತ್ತೇನೆ. ಅಮ್ಮ ಇಲಾಖೆಗೆ ಒಂದು ದೂರು ಕೊಟ್ಟಳು. ಅವಳಿಗೆ ಬರೆಯಲು ಬರುತ್ತಿರಲಿಲ್ಲ. ಅವಳು ಹೇಳಿದಳು, ನಾನು ಬರೆದೆ. ಹೇಳಿದ್ದಕ್ಕಿಂತ ಚೆನ್ನಾಗಿ ಬರೆದೆ. ‘ಎಳೆಯ ಮಕ್ಕಳಿಂದ ಬಂಡೆ ಹೊರಿಸಲಾಗುತ್ತಿದೆ’ ಅನ್ನುವ ವಾಕ್ಯ ಪೂರ್ತಿ ನನ್ನದು. ಕೆಳಗೆ ‘ನೊಂದ ಪೋಷಕರು’ ಅಂತ ಹಾಕಿದೆ.

ವಿಚಾರಣೆಗೆ ಒಬ್ಬ ಸಾಹೇಬರು ಬಂದರು. ಕ್ಲಾಸ್ ಲೀಡರು ಅಂತ ನೀರಿನ ಲೋಟ ಹಿಡಿದು ನಾನೇ ಒಳಗೆ ಹೋದೆ. ಸಾಹೇಬರು ದೂರಿನ ಕಾಗದವನ್ನು ಮೇಷ್ಟ್ರ ಕೈಗೆ ಕೊಟ್ಟರು. ವಾರಕ್ಕೆರಡು ಸಲ ನನ್ನ ಕಾಪಿ ಪುಸ್ತಕ ತಿದ್ದುತ್ತಿದ್ದವರಿಗೆ ಅಕ್ಷರ ಗೊತ್ತಾಗದೆ ಇರುತ್ತದೆಯೇ? ಪೂರ್ತಿ ಓದಿದರು. ಒಂದು ಸಲ ನನ್ನನ್ನು ನೋಡಿದರು. ಯಾರು ಬರೆದದ್ದೋ ತಿಳಿಯದು ಸಾರ್, ಭಾಷೆ ಮಾತ್ರ ಬಹಳ ಚೆನ್ನಾಗಿದೆ ಅಂದು ಮಡಿಸಿ ವಾಪಸ್ಸು ಕೊಟ್ಟರು. ನಾನು ಲೋಟವನ್ನು ಮೇಜಿನ ಮೇಲಿಟ್ಟು ಹೊರಗೆ ಓಡಿದೆ.

ಸಾಹೇಬರು ಸ್ಥಳ ತನಿಖೆ ಅಂತ ಕಲ್ಲಿನ ಹತ್ತಿರ ಬಂದರು. ನೋಡಿ ಹೋಗಿದ್ದರೆ ಆಗುತ್ತಿತ್ತು. ಹೇಗೆ ಎತ್ತಿಸುತ್ತೀರಿ ತೋರಿಸಿ ಅಂದವರು, ಯಾಕೋ ತಾವೇ ಬಗ್ಗಿ ಕೈ ಹಾಕಿದರು. ಮೇಷ್ಟ್ರು ಅಭ್ಯಾಸಬಲದಿಂದ ಬೆನ್ನು ತಿರುಗಿಸಿ, ನಾಲ್ಕು ಅಂದರು. ಸಾಹೇಬರಿಗೆ ರೋಷ ಬಂತು. ನಾಲ್ಕು ಯಾಕೆ ಅಂತ ಟೈ ಸಡಿಲ ಮಾಡಿಕೊಂಡು ಮತ್ತೆ ಎತ್ತಿದರು. ಐದು. ಮೂರನೇ ಸಲಕ್ಕೆ ಆರು ಬಂತು, ಜೊತೆಗೆ ಸೊಂಟ ಹಿಡಿಯಿತು. ಜೀಪಿಗೆ ಅವರನ್ನು ಇಬ್ಬರು ಎತ್ತಿ ಹಾಕಬೇಕಾಯಿತು. ಆ ಇಬ್ಬರಿಗೂ ಮೇಷ್ಟ್ರು ಮಾರ್ಕು ಕೊಟ್ಟರು.

ಕಾರಣ ಕೇಳಿ ನೋಟಿಸು ಬಂತು. ಮೇಷ್ಟ್ರು ನಾಲ್ಕು ಪುಟ ಉತ್ತರ ಬರೆದರು. ಮೂರೂವರೆ ಪುಟ ಎಫರ್ಟ್ ಪದದ ಹುಟ್ಟು ಬೆಳವಣಿಗೆ, ಕೊನೆಯ ಅರ್ಧ ಪುಟ ಸಾಹೇಬರ ಮೂರನೇ ಪ್ರಯತ್ನದ ಬಗ್ಗೆ ಮೆಚ್ಚುಗೆ. ತಿಂಗಳೊಳಗೆ ಅವರನ್ನು ತಾಯಲೂರಿನ ಕಡೆಗೆ ಎತ್ತಿಹಾಕಿದರು. ಹೊರಟ ದಿನ ಅವರ ಸೈಕಲ್ಲನ್ನು ಬಸ್ಸಿನ ಟಾಪಿಗೆ ಹಾಕಿದವನು ಮುನಿರಾಜ. ನಾನು ಹುಣಸೆಮರದ ಹಿಂದೆ ನಿಂತಿದ್ದೆ. ಕಾಲು ಹಿಡಿದು ಕ್ಷಮೆ ಕೇಳಬೇಕು ಅಂತ ಇತ್ತು. ಹಾಗೆಯೇ, ಈಗಲಾದರೂ ಸೊನ್ನೆ ತಿದ್ದುತ್ತಾರಾ ಅಂತ ಕೇಳಬೇಕು ಅಂತಲೂ ಇತ್ತು. ಎರಡೂ ಆಗಲಿಲ್ಲ.

ನಾನು ಓದಿದೆ, ಕೋಲಾರದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವನಾದೆ. ಮುನಿರಾಜ ಮಂಡಿಯಲ್ಲಿ ಹಮಾಲರ ಮೇಸ್ತ್ರಿಯಾದ. ಮೇಷ್ಟ್ರು ರಿಟೈರಾಗಿ ದೇವರಾಯಸಮುದ್ರದಲ್ಲಿ ತಮ್ಮನ ಮನೆ ಪಕ್ಕದ ಎರಡು ಕೋಣೆಯಲ್ಲಿದ್ದರು. ಮುನಿರಾಜ ಆಗಾಗ ಹೋಗಿ ಬರುತ್ತಿದ್ದ. ನಾನು ಹೋಗುತ್ತೇನೆ, ಹೋಗುತ್ತೇನೆ ಅನ್ನುತ್ತಿದ್ದೆ.

ಎರಡು ವರ್ಷದ ಹಿಂದೆ ನಮ್ಮೂರಿನ ರಸ್ತೆ ಅಗಲ ಮಾಡಲು ಬಂದರು. ಗುಂಡುಕಲ್ಲು ಅಡ್ಡ ಬಂತು. ಶಾಸ್ತ್ರವಾಗಿ ಪೂಜೆ ಮಾಡಿ ಪಕ್ಕಕ್ಕಿಡೋಣ ಅಂತ ಜೆಸಿಬಿ ತರಿಸಿದರು. ಊರು ಬಿಟ್ಟವರೆಲ್ಲ ಬಂದಿದ್ದೆವು. ಮುನಿರಾಜ ಮೇಷ್ಟ್ರನ್ನು ಬೈಕಿನ ಹಿಂದೆ ಕೂರಿಸಿಕೊಂಡು ತಂದಿದ್ದ. ಅದೇ ಜಗಲಿಯ ಮೇಲೆ, ಕಲ್ಲಿಗೆ ಬೆನ್ನು ಹಾಕಿ ಕೂತರು. ಜೆಸಿಬಿ ಹಲ್ಲು ಹಾಕಿ ಎತ್ತಿತು. ಕಲ್ಲು ಕದಲಲಿಲ್ಲ, ಬದಲಿಗೆ ಜೆಸಿಬಿಯ ಹಿಂದಿನ ಚಕ್ರಗಳು ಮೇಲೆದ್ದವು. ಇಂಜಿನ್ನು ಅರಚಿ, ಹೊಗೆ ಉಗುಳಿ, ಗಡಗಡ ನಡುಗಿತು. ಮೇಷ್ಟ್ರು ಕಣ್ಣು ಮುಚ್ಚಿ, “ಎಂಟು,” ಅಂದರು.

ಮಧ್ಯಾಹ್ನದ ಹೊತ್ತಿಗೆ ಸುತ್ತ ಅಗೆದು ನೋಡಿ ಆಯಿತು. ಅಗೆದಷ್ಟೂ ಬಂಡೆ. ಇಂಜಿನಿಯರು ರಸ್ತೆಯನ್ನೇ ಸ್ವಲ್ಪ ಬಳಸಿ ಹಾಕಲು ಒಪ್ಪಿ ಹೋದ. ಊರಿನ ಹಿರಿಯರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎಲ್ಲರೂ ತಂತಮ್ಮ ಮುತ್ತಾತನನ್ನು ನೆನೆದುಕೊಂಡು ಮೆಲ್ಲಗೆ ಮನೆ ಸೇರಿದರು. ನಾನು ಮೇಷ್ಟ್ರ ಹತ್ತಿರ ಹೋಗಿ ಕೂತೆ.

“ನಿಮಗೆ ಮೊದಲೇ ಗೊತ್ತಿತ್ತಾ ಸಾರ್?”

“ನಂಗೂ ಗೊತ್ತಿತ್ತು, ನಿಂಗೂ ಗೊತ್ತಿತ್ತು. ಆ ದಿನ ನಿನ್ನ ಸದ್ದು ಕೇಳ್ದಾಗ್ಲೇ ತಿಳೀತು, ಈ ನನ್ನ ಮಗ ಕಂಡ್ಹಿಡ್ದವ್ನೆ ಅಂತ.”

ಇಷ್ಟು ವರ್ಷದ ಸಿಟ್ಟು ಒಟ್ಟಿಗೆ ಬಂತು. ಇಡೀ ಊರಿನಲ್ಲಿ ಸರಿಯಾಗಿ ಕಂಡುಹಿಡಿದವನು ನಾನೊಬ್ಬನೇ, ನನಗೇ ಸೊನ್ನೆ ಕೊಟ್ಟಿರಲ್ಲ ಅಂದೆ.

“ಸರಿ ಉತ್ತರಕ್ಕೆ ಬೇರೆ ಕಾಲಮ್ಮೈತಲ್ಲಪ್ಪಾ. ಅದ್ರಲ್ಲಿ ತೊಂಬತ್ತಾರು ಕೊಟ್ಟಿದ್ದೆ.”

ತೊಂಬತ್ತಾರು ಅನ್ನುವುದನ್ನು ಅವರು ನೆನಪಿಟ್ಟುಕೊಂಡಿದ್ದರು. ನಾನು ದೂರಿನ ಕಾಗದದ ವಿಷಯ ಎತ್ತಲು ಹೋದೆ. “ಪೋನೀಲೇರಾ,” ಅಂದರು. ಹೋಗಲಿ ಬಿಡು ಅಂತ. ಈ ಸಲ ಮುಖ ನೋಡಬೇಕಾಗಿರಲಿಲ್ಲ. ಆಮೇಲೆ ಕೋಲಿನಿಂದ ಕಲ್ಲು ತೋರಿಸಿ, ಸೊನ್ನೆ ತಿದ್ದಬೇಕಾದರೆ ಈಗ ಎತ್ತು, ಕೇಳುತ್ತೇನೆ ಅಂದರು. ಬೆನ್ನು ತಿರುಗಿಸಿ ಕೂತೇಬಿಟ್ಟರು. ನಾನು ಇಸ್ತ್ರಿ ಮಾಡಿದ ಅಂಗಿಯಲ್ಲಿದ್ದೆ. ಅಲ್ಲಿ ನನ್ನ ಇಬ್ಬರು ವಿದ್ಯಾರ್ಥಿಗಳು ಮೊಬೈಲು ಹಿಡಿದು ನಿಂತಿದ್ದರು. ಜೆಸಿಬಿ ಕೈಯಲ್ಲಿ ಆಗದ್ದಕ್ಕೆ ಕಾಲೇಜು ಮೇಷ್ಟ್ರು ತಿಣುಕುವುದನ್ನು ಕೋಲಾರ ಜಿಲ್ಲೆ ಪೂರ್ತಿ ನೋಡಬೇಕೆ? ಮುಂದಿನ ಸಲ ಬಂದಾಗ ಸಾರ್ ಅಂದೆ. ಅವರು ಸರಿ ಅಂತ ಕೋಲೂರಿ ಎದ್ದರು.

ಮುಂದಿನ ಸಲ ಅಂದರೆ ಮೊನ್ನೆ. ದೇವರಾಯಸಮುದ್ರಕ್ಕೆ ಹೋಗುವ ಹೊತ್ತಿಗೆ ಎಲ್ಲ ಸಿದ್ಧವಾಗಿತ್ತು. ಕೆರೆ ಏರಿಯ ಮೇಲೆ ವ್ಯಾನು ಹೋಗುವುದಿಲ್ಲ, ಹೊತ್ತೇ ನಡೆಯಬೇಕು ಅಂದರು. ಮುಂದಿನ ಎರಡು ತುದಿಗೆ ನಾನು ಮತ್ತು ಮುನಿರಾಜ, ಹಿಂದೆ ಅವರ ತಮ್ಮನ ಮಕ್ಕಳು. ಮೇಷ್ಟ್ರು ಇದ್ದಾಗಲೇ ಸಣಕಲು, ಕೊನೆಯ ದಿನಗಳಲ್ಲಿ ಇನ್ನೂ ಇಳಿದುಹೋಗಿದ್ದರು. ಚಟ್ಟದ ಬಿದಿರೇ ಅವರಿಗಿಂತ ಭಾರ. ಮಿಕ್ಕ ಮೂವರೂ ಸದ್ದಿಲ್ಲದೆ ಹೆಗಲಿಗೆ ಎತ್ತಿಕೊಂಡರು. ನಾನೂ ಎತ್ತಿದೆ. ಎತ್ತುವಾಗ ನನ್ನೊಳಗಿಂದ ಒಂದು ಸದ್ದು ಬಂತು. ನಾನು ತೆಗೆದದ್ದಲ್ಲ, ತಡೆಯೋಣ ಅಂದರೂ ಆಗಲಿಲ್ಲ. ಎಲ್ಲಿತ್ತೋ, ಎಷ್ಟು ವರ್ಷದಿಂದ ಇತ್ತೋ. ಮುಂದೆ ಹೋಗುತ್ತಿದ್ದ ತಮಟೆಯವರು ನಿಲ್ಲಿಸಿ ತಿರುಗಿ ನೋಡಿದರು. ಹಿಂದಿನ ಹುಡುಗ, ಅಂಕಲ್‌ಗೆ ಆಗ್ತಿಲ್ಲ, ಯಾರಾದ್ರೂ ಬದಲು ಬನ್ನಿ ಅಂತ ಕೂಗಿದ.

ಆಗುತ್ತೆ ಅಂದೆ. ನಾಲ್ಕು ಹೆಜ್ಜೆ ನಡೆದೆವು. ಕಣ್ಣು ತುಂಬಿ ದಾರಿ ಕಾಣುತ್ತಿರಲಿಲ್ಲ. ಆ ಸದ್ದನ್ನು ಕೇಳಿ ಹೇಳಬೇಕಾದವರು ನನ್ನ ಹೆಗಲ ಮೇಲೇ ಮಲಗಿದ್ದರು.

ಪಕ್ಕದಿಂದ ಮುನಿರಾಜ, ನನ್ನ ಕಡೆ ತಿರುಗದೆ, “ಎಂಟು ಕಣೋ,” ಅಂದ.

ಇಂಥ ಹೊತ್ತಿನಲ್ಲೂ ಹಳೇ ಚಾಳಿ ಬಿಡಲಿಲ್ಲ. ಇನ್ನೆರಡು ಎಲ್ಲಿ ಹೋಯಿತು ಅಂತ ಕೇಳಿಬಿಟ್ಟೆ.

“ಜೆಸಿಬಿಗೂ ಎಂಟೇ ಕೊಟ್ಟಿದ್ದು ಅವ್ರು,” ಅಂದ ಮುನಿರಾಜ. “ಸಾಕು, ಸುಮ್ನೆ ಹೊರು.”